ಬೂದು ಬಣ್ಣದ ಸಾಲು

ನಾನು ಹುಟ್ಟಾ ಪುಕ್ಕಲಿ. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸ್ ಓಡಿ ಬಂದವಳು ನಾನು, ಅದೂ ಒಂದು ಸಲ ಅಲ್ಲ. ಇಂಥವಳ ಪಾಲಿಗೆ ಬಂದ ಕೆಲಸವೆಂದರೆ ಊರವರ ಜಮೀನಿನ ಪತ್ರ ಬರೆಯುವುದು. ಒಂದು ಅಂಕಿ ಆಚೀಚೆ ಆದರೆ ಒಬ್ಬರ ತೋಟ ಕಾಗದದ ಮೇಲೆ ಇನ್ನೊಬ್ಬರದಾಗಿ ಹೋಗುತ್ತದೆ.

ತರೀಕೆರೆಯಲ್ಲಿ ನೋಂದಣಿ ಕಚೇರಿಗೆ ಹತ್ತಿರದಲ್ಲೇ ನಮ್ಮದೊಂದು ಸಣ್ಣ ಮಳಿಗೆ. ಮೊದಲು ಅಲ್ಲಿ ಕೂರುತ್ತಿದ್ದವರು ನಮ್ಮ ಮಾವ, ಅಂದರೆ ನನ್ನ ಯಜಮಾನರ ತಂದೆ. ಅವರ ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲ್ ಇರುತ್ತಿತ್ತು. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ. ಪತ್ರದ ಕರಡು ಮುಗಿದ ಮೇಲೆ ಸರ್ವೆ ನಂಬರುಗಳ ಕೆಳಗೆ ಕೆಂಪು ಗೆರೆ, ಚೆಕ್ಕುಬಂದಿಯ ಕೆಳಗೆ ನೀಲಿ ಗೆರೆ ಎಳೆಯುತ್ತಿದ್ದರು. ಚೆಕ್ಕುಬಂದಿ ಎಂದರೆ ಜಮೀನಿನ ನಾಲ್ಕು ದಿಕ್ಕಿಗೆ ಏನೇನಿದೆ, ಯಾರದಿದೆ ಎನ್ನುವ ವಿವರ. ಗೆರೆ ಎಳೆದ ಮೇಲೆ ಬರೆಸಲು ಬಂದವರನ್ನು ಎಬ್ಬಿಸಿ ಬಾಗಿಲಿಗೆ ಮುಖ ಮಾಡಿ ನಿಲ್ಲಿಸುತ್ತಿದ್ದರು. ನಮ್ಮ ಮಳಿಗೆಯ ಬಾಗಿಲು ಪೂರ್ವಕ್ಕಿದೆ.

"ಈಗ ನಿಮ್ಮ ಜಮೀನಿನ ನಡುವೆ ನಿಂತಿದೀರ ಅನ್ಕೊಳ್ರಪ್ಪಾ. ಮುಂದೆ ಏನೈತೆ? ಕೈ ತೋರ್ಸಿ ಹೇಳ್ರಿ" ಎನ್ನುತ್ತಿದ್ದರು.

ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಕೈ ಚಾಚಿ ಅವರು ಹೇಳಬೇಕು. ಬಾವಿ ಎಲ್ಲಿ, ದಾರಿ ಎಲ್ಲಿ, ಅದನ್ನೂ ತೋರಿಸಬೇಕು. ಆಮೇಲೆ ಪತ್ರವನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಗಟ್ಟಿಯಾಗಿ ಓದುತ್ತಿದ್ದರು. ಹೊರಗೆ ಕಾಯುವವರು ಗೊಣಗಿದರೂ ಅವರಿಗೆ ಕೇಳಿಸುತ್ತಿರಲಿಲ್ಲ. "ಓದಿಸಿ ಕೇಳಿ ಒಪ್ಪಿ ಸಹಿ ಮಾಡಿರುತ್ತೇವೆ ಅಂತ ಕೊನೇಲಿ ಬರೀತೀವಿ. ಓದದೇ ಬರದ್ರೆ ಸುಳ್ಳು ಬರ್ದಂಗೆ ಅಲ್ವೇನಮ್ಮಾ" ಎಂದು ನನಗೆ ಹೇಳುತ್ತಿದ್ದರು.

ಮದುವೆಗೆ ಮುಂಚೆ ನಾನು ಕಡೂರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪ್ರೋಗ್ರಾಮಿಂಗ್ ಪಾಠ ಹೇಳುತ್ತಿದ್ದೆ. ಪ್ರೋಗ್ರಾಂ ಬರೆಯುವ ಎಡಿಟರಿನಲ್ಲಿ ಅಕ್ಷರಗಳೆಲ್ಲ ಒಂದೇ ಬಣ್ಣದಲ್ಲಿರುವುದಿಲ್ಲ. ಆಜ್ಞೆಗೊಂದು ಬಣ್ಣ, ಅಂಕಿಗೊಂದು ಬಣ್ಣ, ಟಿಪ್ಪಣಿಗೆ ಮಂಕು ಬಣ್ಣ. ಕಣ್ಣು ಹಾಯಿಸಿದರೆ ಸಾಕು, ಯಾವುದು ಏನು ಎಂದು ಗೊತ್ತಾಗುತ್ತದೆ. ಮಾವನ ಕೈ ನಡುಗತೊಡಗಿದಾಗ ಅವರು ಹೇಳಿದ್ದನ್ನು ಟೈಪ್ ಮಾಡಲು ಕೂತವಳು, ಅವರು ತೀರಿಕೊಂಡ ಮೇಲೆ ಪರವಾನಗಿ ಮಾಡಿಸಿಕೊಂಡು ಅದೇ ಕುರ್ಚಿಯಲ್ಲಿ ಉಳಿದುಕೊಂಡೆ.

ಎರಡನೇ ವರ್ಷದಲ್ಲಿ ಒಂದು ಸರ್ವೆ ನಂಬರನ್ನು ಹಿಂದುಮುಂದಾಗಿ ಬರೆದುಬಿಟ್ಟೆ. ಕಚೇರಿಯ ಗುಮಾಸ್ತರು ಹಿಡಿದರು. "ನೋಡ್ಕೊಂಡ್ ಬರೀರಿ ಮೇಡಂ" ಎಂದರು, ಅಷ್ಟೇ. ನನಗೆ ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಲ್ಯಾಪ್‌ಟಾಪಿನಲ್ಲಿ ನನ್ನ ಹಳೆಯ ಎಡಿಟರನ್ನು ಹಾಕಿಕೊಂಡು, ಪತ್ರಗಳಿಗೆ ಬಣ್ಣ ಬರುವಂತೆ ಒಂದು ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಂ, ಬರೆಯಲು ಕೂತೆ. ಮಾವನ ಪೆನ್ಸಿಲ್ಲನ್ನು ಯಂತ್ರದ ಕೈಗೆ ಕೊಡಬೇಕಿತ್ತು.

ಸುಲಭವಿರಲಿಲ್ಲ. ಆ ಎಡಿಟರಿಗೆ ಕನ್ನಡದ ಪದ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎನ್ನುವುದೇ ತಿಳಿಯದು. ಪೂರ್ವಕ್ಕೆ ಎಂದು ಬರೆದರೆ ಅರ್ಧ ಪದ ನೀಲಿ, ಅರ್ಧ ಕಪ್ಪು. ಅದನ್ನು ಸರಿಪಡಿಸಲು ಒಂದು ವಾರ ಹಿಡಿಯಿತು. ಕೊನೆಗೆ ಸರ್ವೆ ನಂಬರ್ ಎಂಬ ಮಾತಿನ ಮುಂದೆ ಬರುವ ಅಂಕಿಗಳೆಲ್ಲ ಕೆಂಪಾದವು, ನಾಲ್ಕು ದಿಕ್ಕೂ ನೀಲಿಯಾದವು, ಎಕರೆ ಗುಂಟೆ ಹಸಿರಾದವು. ನೀಲಿ ಮೂರೇ ಕಡೆ ಕಂಡರೆ ಒಂದು ದಿಕ್ಕು ಬಿಟ್ಟುಹೋಗಿದೆ ಎಂದು ಅಲ್ಲಿಯೇ ಗೊತ್ತಾಗುತ್ತಿತ್ತು. ಆ ದಿನ ನನಗೆ ಆದ ನೆಮ್ಮದಿಯನ್ನು ಹೇಗೆ ಹೇಳಲಿ! ಭಯವನ್ನು ಯಾರೋ ಕೈಯಿಂದ ಇಳಿಸಿಕೊಂಡಂತೆ ಆಯಿತು.

ಅಲ್ಲಿಗೇ ನಿಲ್ಲಿಸಬೇಕಿತ್ತು. ಪ್ರತಿ ಪತ್ರದಲ್ಲೂ ಬದಲಾಗದ ಮಾತುಗಳು ಎರಡು ಪುಟ ಇರುತ್ತವೆ. "ನಿಧಿ ನಿಕ್ಷೇಪ ಜಲ ತರು ಪಾಷಾಣ" ಎಂದೋ, "ಪುತ್ರಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಬರತಕ್ಕದ್ದು" ಎಂದೋ, ಮಾವನ ಅಜ್ಜನ ಕಾಲದಿಂದ ಬಂದ ಮಾತುಗಳು. ದಿನಕ್ಕೆ ಹತ್ತು ಸಲ ಅವನ್ನೇ ನೋಡಿ ಕಣ್ಣು ಮಂಜಾಗುತ್ತಿತ್ತು. ಆದ್ದರಿಂದ ಸ್ಕ್ರಿಪ್ಟಿಗೆ ಇನ್ನೊಂದು ನಿಯಮ ಸೇರಿಸಿದೆ. ಆಸ್ತಿ ಪಾಲು ಮಾಡಿಕೊಳ್ಳುವ ವಿಭಾಗ ಪತ್ರದಲ್ಲಿ "ಇನ್ನು ಮುಂದೆ" ಎಂಬಲ್ಲಿಂದ "ಬರೆಸಿಕೊಂಡ ವಿಭಾಗ ಪತ್ರ" ಎಂಬಲ್ಲಿಯವರೆಗೆ ಇರುವುದನ್ನೆಲ್ಲ ತೆಳು ಬೂದು ಬಣ್ಣಕ್ಕೆ ತಿರುಗಿಸು. ಅಷ್ಟು ಭಾಗ ಹಿಂದೆ ಸರಿದು, ಬದಲಾಗುವ ಭಾಗ ಮಾತ್ರ ಎದ್ದು ಕಾಣತೊಡಗಿತು. ಬಣ್ಣ ಎಲ್ಲ ಸರಿಯಾಗಿದ್ದರೆ ಪತ್ರವೂ ಸರಿಯಾಗಿದೆ ಎಂದುಕೊಂಡೆ. ಬಂದವರನ್ನು ಬಾಗಿಲಿಗೆ ಮುಖ ಮಾಡಿ ನಿಲ್ಲಿಸುವುದು ಬಿಟ್ಟುಹೋಯಿತು. ಗಟ್ಟಿಯಾಗಿ ಓದುವುದೂ ಬಿಟ್ಟುಹೋಯಿತು. ಯಾರೂ ಕೇಳಲಿಲ್ಲ. ಎಲ್ಲರಿಗೂ ಬಸ್ಸಿಗೆ ಹೊತ್ತಾಗಿರುತ್ತಿತ್ತು.

ಹೀಗಿರುವಾಗ ಬುಕ್ಕಾಂಬುಧಿ ಕಡೆಯ ಒಬ್ಬ ಅಣ್ಣ, ತಂಗಿ ವಿಭಾಗ ಪತ್ರ ಬರೆಸಲು ಬಂದರು. ಇಬ್ಬರೂ ಐವತ್ತು ದಾಟಿದವರು. ಅವರ ತಂದೆಯ ಕಾಲದಿಂದಲೂ ಅವರ ಮನೆಯ ಪತ್ರಗಳು ನಮ್ಮ ಮಳಿಗೆಯಲ್ಲೇ ಆಗುತ್ತಿದ್ದವು. ಅಣ್ಣನಿಗೆ ಅಜ್ಜಂಪುರದಲ್ಲಿ ಕೊಬ್ಬರಿ ವ್ಯಾಪಾರ, ಮಾತು ಸ್ವಲ್ಪ ಗಡಸು. ತಂಗಿಯನ್ನು ಹುಟ್ಟಿದ ಊರಿಗೇ ಕೊಟ್ಟಿತ್ತು. ತಂದೆಯ ತೆಂಗಿನ ತೋಟವನ್ನು ಇಬ್ಬರೂ ಮನಸಾರೆ ಎರಡು ಭಾಗ ಮಾಡಿಕೊಂಡಿದ್ದರು. ರಸ್ತೆಯ ಕಡೆಯ ಭಾಗ ಅಣ್ಣನಿಗೆ, ಹಿಂದಿನ ಭಾಗ ತಂಗಿಗೆ. ಜಗಳದ ಸುಳಿವೂ ಇರಲಿಲ್ಲ.

ವಿವರವೆಲ್ಲ ಬರೆಸಿ ಅಣ್ಣ ಟೀ ಕುಡಿಯಲು ಹೊರಗೆ ಹೋದರು. ಆಗ ತಂಗಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಅಕ್ಕಾರೆ, ದಾರಿ ವಿಷ್ಯ ಒಂದು ಸೇರ್ಸ್ಬಿಡಿ. ನಾನು ರಸ್ತೆಗೆ ಹೋಗ್ಬೇಕಂದ್ರೆ ಅಣ್ಣನ ಹಿಸ್ಸೇಲಿ ಹಾದು ಹೋಗ್ಬೇಕು. ಅಪ್ಪನ ಸಮಾಧಿ ನನ್ನ ಹಿಸ್ಸೇಲೈತೆ, ಅಣ್ಣ ಅಲ್ಲಿಗೆ ಬರ್ಬೇಕು. ನಮ್ಮಲ್ಲೇನೂ ಇಲ್ಲ, ಮುಂದೆ ಮಕ್ಕಳ ಕಾಲಕ್ಕೆ ಇರ್ಲಿ ಅಂತ."

ಆ ಕಡೆಯ ಮನೆತನಗಳಲ್ಲಿ ಹಿರಿಯರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಸೋಮವಾರ ಹೋಗಿ ವಿಭೂತಿ ಹಚ್ಚಿ, ಪತ್ರೆ ಇಟ್ಟು ಬರುತ್ತಾರೆ. ಅದು ನನಗೂ ಗೊತ್ತಿದ್ದದ್ದೇ. "ಸೇರಿಸ್ತೀನಿ ಬಿಡಮ್ಮಾ" ಎಂದೆ. ಕ್ಯಾಲೆಂಡರಿನ ಹಾಳೆಯ ಹಿಂದೆ ಗುರುತು ಹಾಕಿಕೊಂಡೆ.

ಹೊಸ ಪತ್ರವನ್ನು ಯಾರೂ ಮೊದಲಿಂದ ಬರೆಯುವುದಿಲ್ಲ. ಹಳೆಯದೊಂದನ್ನು ತೆಗೆದು ಹೆಸರು, ನಂಬರು, ದಿಕ್ಕು ಬದಲಾಯಿಸುತ್ತೇವೆ. ನಾನು ತೆಗೆದದ್ದು ಕಡೂರಿನ ಇಬ್ಬರು ಅಣ್ಣತಮ್ಮಂದಿರ ಪತ್ರ. ಅವರಿಬ್ಬರಿಗೂ ಮಾತುಕತೆಯೇ ಇರಲಿಲ್ಲ. ಹಟ ಹಿಡಿದು ಒಂದು ಸಾಲು ಸೇರಿಸಿದ್ದರು: ಒಬ್ಬರ ಹಿಸ್ಸೆಯಲ್ಲಿ ಇನ್ನೊಬ್ಬರು ಯಾವ ಕಾರಣಕ್ಕೂ ಕಾಲಿಡತಕ್ಕದ್ದಲ್ಲ, ಓಡಾಡುವ ಹಕ್ಕೂ ಇರುವುದಿಲ್ಲ. ಆ ಸಾಲು ಇದ್ದದ್ದು "ಇನ್ನು ಮುಂದೆ" ಎಂಬ ಮಾತಿನ ನಂತರ. ಅದನ್ನು ತೆಗೆದು, ಅದೇ ಜಾಗದಲ್ಲಿ ತಂಗಿ ಹೇಳಿದ ದಾರಿಯ ಸಾಲನ್ನು ಬರೆಯಬೇಕಿತ್ತು. ಅದು ಬೂದು ಬಣ್ಣದಲ್ಲಿತ್ತು. ನನ್ನ ಕಣ್ಣು ಅದರ ಮೇಲೆ ಜಾರಿ ಮುಂದೆ ಹೋಯಿತು. ಕೆಂಪು ಸರಿ, ನೀಲಿ ಸರಿ, ಹಸಿರು ಸರಿ. ಕರಡನ್ನು ಕಚೇರಿಗೆ ಕಳಿಸಿದೆ, ಮಂಜೂರಾಗಿ ಬಂತು, ಅವರು ಕೊಟ್ಟ ದಿನ ಇಬ್ಬರೂ ಬಂದು ಸಹಿ ಹಾಕಿದರು. ಹೋಗುವಾಗ ತಂಗಿ ನನಗೆ ನಾಲ್ಕು ತೆಂಗಿನಕಾಯಿ ಕೊಟ್ಟಳು.

ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಕಚೇರಿಯಲ್ಲಿ ಸರ್ವರ್ ಡೌನ್ ಆಗಿ ಜನವೆಲ್ಲ ಚದುರಿದ್ದರು. ಕೆಲಸವಿಲ್ಲದೆ ಸ್ಕ್ರಿಪ್ಟ್ ತಿದ್ದುತ್ತ ಕೂತಿದ್ದೆ. ಬೂದು ತೀರ ತೆಳುವಾಯಿತು, ಸ್ವಲ್ಪ ಗಾಢ ಮಾಡೋಣ ಎಂದು ಆ ನಿಯಮವನ್ನು ಸದ್ಯಕ್ಕೆ ನಿಲ್ಲಿಸಿ, ನೋಡಲು ಕೈಗೆ ಸಿಕ್ಕ ಒಂದು ಪತ್ರ ತೆರೆದೆ. ಅದು ಅವರದ್ದೇ ಆಗಿತ್ತು. ಬೂದು ಹೋಗಿ ಎರಡು ಪುಟವೂ ಕಪ್ಪಗೆ ಎದ್ದು ಬಂದವು. ನಡುವೆ ಆ ಸಾಲು ನಿಂತಿತ್ತು. ಕಾಲಿಡತಕ್ಕದ್ದಲ್ಲ.

ಬೇರೆ ಪತ್ರ ಇರಬೇಕು ಎಂದು ಮೇಲಿನ ಹೆಸರು ಮೂರು ಸಲ ಓದಿದೆ. ಕ್ಯಾಲೆಂಡರಿನ ಹಾಳೆ ಹುಡುಕಿ ತೆಗೆದರೆ ನನ್ನದೇ ಅಕ್ಷರದಲ್ಲಿ "ದಾರಿ, ಸಮಾಧಿ" ಎಂದು ಇತ್ತು.

ಅದಕ್ಕಿಂತ ದೊಡ್ಡ ಭಯ ಸಂಜೆಯ ಹೊತ್ತಿಗೆ ಬಂತು. ಆ ನಿಯಮ ಬರೆದು ಎಂಟು ತಿಂಗಳಾಗಿತ್ತು. ಎಂಟು ತಿಂಗಳ ಪತ್ರಗಳಲ್ಲಿ ಬೂದುಬಣ್ಣದ ಕೆಳಗೆ ಇನ್ನೇನೇನು ಕೂತಿದೆಯೋ! ಬಣ್ಣ ಹಚ್ಚಲು ಬರೆದ ಸ್ಕ್ರಿಪ್ಟಿನ ಬಾಲ ಹಿಡಿದು ಇನ್ನೊಂದು ಬರೆದೆ. ಎಲ್ಲ ಪತ್ರಗಳಿಂದ ಬೂದು ಭಾಗವನ್ನಷ್ಟೇ ಕಿತ್ತು ಒಂದು ಕಡೆ ಹಾಕು ಎಂದೆ. ಮೂರು ಹಗಲು ಕೂತು ಒಂದೊಂದೇ ಸಾಲು ಓದಿದೆ. ಅಂತರಘಟ್ಟೆ ಅಮ್ಮನಿಗೆ ಹರಕೆ ಹೊತ್ತೆ. ಬೇರೆ ಯಾವುದರಲ್ಲೂ ತಪ್ಪಿರಲಿಲ್ಲ. ಆದರೆ ನನಗೆ ಸಮಾಧಾನ ಆಗಲಿಲ್ಲ. ಆ ಒಂದು ಸಾಲು ಕಣ್ಣು ಮುಚ್ಚಿದರೂ ಕಾಣುತ್ತಿತ್ತು.

ನನ್ನ ಯಜಮಾನರಿಗೆ ಹೇಳಿದೆ. ಅವರು ಹೈಸ್ಕೂಲು ಮೇಷ್ಟ್ರು, ಯಾವುದನ್ನೂ ತಲೆಗೆ ಹಚ್ಚಿಕೊಳ್ಳುವವರಲ್ಲ.

"ಅಣ್ಣ ತಂಗಿ ಚೆನ್ನಾಗವ್ರೆ ತಾನೆ? ಆ ಎರಡು ಪುಟ ಯಾರೇ ಓದ್ತಾರೆ? ನೀನೇ ಓದ್ಲಿಲ್ಲ. ಸುಮ್ನಿರು" ಎಂದರು.

ತಿದ್ದುಪಡಿ ಪತ್ರ ಮಾಡಿಸಬಹುದು, ಅದು ದೊಡ್ಡ ಕೆಲಸವಲ್ಲ. ಆದರೆ ಅದಕ್ಕೆ ಇಬ್ಬರೂ ಒಪ್ಪಿ ಸಹಿ ಹಾಕಬೇಕು. ತಂಗಿಗೆ ಮೊದಲು ಹೇಳಿದರೆ ಆಕೆ ಗಾಬರಿ ಬೀಳುತ್ತಾಳೆ. ಅಣ್ಣನಿಗೆ ಮೊದಲು ಹೇಳಿದರೆ, ದಾರಿ ಕೊಡಬೇಕಾಗಿಲ್ಲ ಎಂಬ ಅಸ್ತ್ರ ನಾನೇ ಅವರ ಕೈಗೆ ಕೊಟ್ಟಂತೆ. ಹೇಳದಿದ್ದರೆ? ಆಕೆಯ ಮಕ್ಕಳ ಕಾಲಕ್ಕೆ ತೆಂಗಿನಕಾಯಿ ಹೊತ್ತ ಗಾಡಿ ಬೇಲಿಯ ಮುಂದೆ ನಿಲ್ಲುತ್ತದೆ. ನಾಲ್ಕು ಸಲ ತಂಗಿಯ ನಂಬರು ಒತ್ತಿದೆ, ರಿಂಗಾಗುವ ಮುಂಚೆಯೇ ಕಟ್ ಮಾಡಿದೆ. ಮಳಿಗೆಯ ಬಾಗಿಲಲ್ಲಿ ಯಾರ ನೆರಳು ಬಿದ್ದರೂ ಅವರೇ ಬಂದರೇನೋ ಎನ್ನಿಸುತ್ತಿತ್ತು. ಹೀಗೇ ಹದಿನೈದು ದಿನ ದೂಡಿದೆ. ಅದು ಹೇಡಿತನವೇ. ಬೇರೆ ಹೆಸರಿಡುವುದಿಲ್ಲ.

ಹದಿನಾರನೇ ದಿನವೋ ಹದಿನೇಳನೇ ದಿನವೋ ಬಾಗಿಲಲ್ಲಿ ನೆರಳು ಬಿತ್ತು. ತಲೆಯೆತ್ತಿದರೆ ಅಣ್ಣ. ಒಬ್ಬರೇ ಬಂದಿದ್ದರು, ಕೈಯಲ್ಲಿ ಪ್ಲಾಸ್ಟಿಕ್ ಕವರು.

"ಮೇಡಮ್ನೋರೆ, ನನ್ನ ಹಿಸ್ಸೆ ಕೊಟ್ಬಿಡೋಣ ಅಂತ. ಸಖರಾಯಪಟ್ಟಣದೋರು ಒಬ್ರು ಕೇಳ್ತಾವ್ರೆ. ಕ್ರಯದ ಕರಾರು ಬರೀರಿ" ಎಂದರು.

ಹೊರಗಿನವರು ಕೊಂಡರೆ ಮೊದಲು ಮಾಡುವ ಕೆಲಸ ಬೇಲಿ ಹಾಕುವುದು. ಆಮೇಲೆ ಆಕೆಗೆ ದಾರಿ ಎಲ್ಲಿಂದ? ಇನ್ನು ಹೇಳದೆ ಗತಿಯಿರಲಿಲ್ಲ, ಆದರೆ ಹೇಗೆ ಶುರು ಮಾಡುವುದು ತಿಳಿಯಲಿಲ್ಲ. ಮಾವ ಮಾಡುತ್ತಿದ್ದದ್ದು ನೆನಪಿಗೆ ಬಂತು.

"ಯಜಮಾನ್ರೆ, ಸ್ವಲ್ಪ ಬಾಗಿಲ ಕಡೆ ಮುಖ ಮಾಡಿ ನಿಂತ್ಕೊಳ್ಳಿ. ನಿಮ್ಮ ಹಿಸ್ಸೆ ನಡುವೆ ನಿಂತಿದೀರ ಅಂತ. ಮುಂದೆ ಏನಿದೆ?"

ಅವರು ಎದ್ದು ನಿಂತರು. ಮುಂದೆ ಕೈ ಚಾಚಿ "ರಸ್ತೆ" ಎಂದರು. ಬಲಕ್ಕೆ, ಎಡಕ್ಕೆ ಪಕ್ಕದವರ ತೋಟ ತೋರಿಸಿದರು. ಹಿಂದಕ್ಕೆ ಕೈ ಮಾಡಿ "ಅವಳದು" ಎಂದರು. ತಂಗಿ ಎನ್ನಲಿಲ್ಲ.

"ತಂಗಿ ಓಡಾಡೋ ದಾರಿ ಯಾವ ಕಡೆ?"

ಅವರ ಕೈ ಕೆಳಗಿಳಿಯಿತು. "ದಾರಿ ಎಲ್ಲೈತೆ ಮೇಡಮ್ನೋರೆ? ನೀವೇ ಬರ್ದಿದೀರಲ್ಲ, ಇಲ್ಲ ಅಂತ" ಎಂದು ಕವರಿನಿಂದ ಪತ್ರ ತೆಗೆದು ನನ್ನ ಮುಂದಿಟ್ಟರು. ಆ ಸಾಲಿನ ಕೆಳಗೆ ಬಾಲ್‌ಪೆನ್ನಿನಲ್ಲಿ ಎರಡು ಗೆರೆ ಎಳೆದಿತ್ತು. ಕಾಗದ ಹರಿಯುವಷ್ಟು ಒತ್ತಿ ಎಳೆದಿದ್ದರು.

"ಅವಳೇ ಬರೆಸಿದ್ದು, ನಂಗೊತ್ತು. ಅವತ್ತು ನಾನು ಟೀ ಕುಡಿಯೋಕೆ ಹೋಗಿದ್ದಾಗ ನಿಮ್ಮ ಕಿವೀಲಿ ಏನೋ ಹೇಳ್ತಿದ್ಲು. ದಾರಿ ಬ್ಯಾಡ ಅಂದ್ರೆ ಬ್ಯಾಡ ಬಿಡಿ. ಆದ್ರೆ ಅಪ್ಪ ಮಲಗಿರೋದು ಅವಳ ಹಿಸ್ಸೇಲಿ. ನಾನು ಅಲ್ಲಿಗೂ ಕಾಲಿಡಬಾರ್ದು ಅಂತ ಬರೆಸವ್ಳೆ. ನಾಲ್ಕು ಸೋಮವಾರ ಆಯ್ತು, ಬದುವಿನ ಈಚೆ ನಿಂತು ಕೈ ಮುಗಿದು ಬಂದಿದೀನಿ. ಇನ್ನು ಆ ತೋಟ ಇಟ್ಕೊಂಡು ಏನು ಮಾಡ್ಲಿ?"

ನಾನು ಭಯಪಡುತ್ತಿದ್ದದ್ದು ಮುಂದಿನ ತಲೆಮಾರಿನ ದಾರಿಗೆ. ನಾನು ಹೆದರಿಕೊಂಡು ಕೂರುವ ಮುಂಚೆಯೇ ಆ ಸಾಲು ಇವರ ಮನೆಗೆ ಹೋಗಿ ಮಾಡಬೇಕಾದ್ದನ್ನೆಲ್ಲ ಮಾಡಿ ಮುಗಿಸಿತ್ತು.

ಇನ್ನೊಂದನ್ನೂ ಹೇಳಲೇಬೇಕು. ಆ ಹೊತ್ತಿನಲ್ಲಿ ನನಗೊಂದು ದಾರಿ ಕಂಡಿತು. ಅವರು ತಪ್ಪನ್ನು ತಂಗಿಯ ಮೇಲೆ ಹೊರಿಸಿ ಆಗಿತ್ತು. ನಾನು ಬಾಯಿ ತೆರೆಯದೆ ತಲೆಯಾಡಿಸಿದ್ದರೆ ಸಾಕಿತ್ತು, ಪರವಾನಗಿ ಉಳಿಯುತ್ತಿತ್ತು, ಮಾವನ ಕುರ್ಚಿ ಉಳಿಯುತ್ತಿತ್ತು. ಎಷ್ಟು ಹೊತ್ತು ಸುಮ್ಮನಿದ್ದೆನೋ ಗೊತ್ತಿಲ್ಲ. ಅಷ್ಟು ಹೊತ್ತು ಸುಮ್ಮನಿದ್ದೆ ಎನ್ನುವುದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೆದರಿಕೆಯಾಗುತ್ತದೆ.

"ಆಕೆ ಬರೆಸಿದ್ದಲ್ಲ. ಆಕೆ ಹೇಳಿದ್ದು ಇದಕ್ಕೆ ವಿರುದ್ಧ. ತಪ್ಪು ನನ್ನದು" ಎಂದೆ. ಕ್ಯಾಲೆಂಡರಿನ ಹಾಳೆ ತೋರಿಸಿದೆ. ಲ್ಯಾಪ್‌ಟಾಪ್ ತಿರುಗಿಸಿ ಬೂದು ಬಣ್ಣ ತೋರಿಸಿದೆ, ಆ ಸಾಲು ಅದರೊಳಗೆ ಹೇಗೆ ಉಳಿದುಕೊಂಡಿತು ಎಂದು ಹೇಳಿದೆ. ಬೈಯುತ್ತಾರೆ, ಹತ್ತು ಜನರನ್ನು ಸೇರಿಸುತ್ತಾರೆ ಎಂದು ಕುರ್ಚಿಯ ಹಿಡಿ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅವರು ಪರದೆಯನ್ನು ನೋಡುತ್ತಲೇ ಇದ್ದರು.

"ನಿಮ್ಮ ಮಾವ್ನೋರು ಇದ್ದಿದ್ರೆ ಓದಿ ಹೇಳೋರು" ಎಂದರು. ಬೈದಿದ್ದರೆ ಅದಕ್ಕಿಂತ ವಾಸಿಯಿತ್ತು. ಪತ್ರ ಮಡಿಚಿ ಕವರಿಗೆ ಹಾಕಿಕೊಂಡು, "ಯಾವತ್ತು ಬರ್ಬೇಕು ಹೇಳಿ, ಬತ್ತೀನಿ" ಎಂದು ಹೊರಟರು. ಕ್ರಯದ ಮಾತು ಮತ್ತೆ ಎತ್ತಲಿಲ್ಲ.

ತಂಗಿಗೆ ಆ ಸಂಜೆ ಫೋನು ಮಾಡಿದೆ. ರಿಂಗಾಗುವವರೆಗೂ ಹಿಡಿದುಕೊಂಡೆ. ಎಲ್ಲ ಕೇಳಿ ಆಕೆ, "ಅದ್ಕಾ ಅಕ್ಕಾರೆ ಅಣ್ಣ ಮಾತು ಬಿಟ್ಟಿದ್ದು? ನಾನು ಏನು ತಪ್ಪು ಮಾಡ್ದೆ ಅಂತ ಯೋಚ್ನೆ ಮಾಡಿ ಮಾಡಿ, ಅವನ ಕಡೆಯಿಂದ ಹೋಗೋಕೂ ಭಯ ಆಗಿ ಕೆರೆ ಏರಿ ಸುತ್ಕೊಂಡು ಹೋಗ್ತಿದೀನಿ" ಎಂದಳು. ಯಾರೂ ಬೇಲಿ ಹಾಕಿರಲಿಲ್ಲ. ಆಕೆ ಆ ಸಾಲನ್ನು ಓದಿಯೂ ಇರಲಿಲ್ಲ. ಆದರೂ ದಾರಿ ಆಗಲೇ ಮುಚ್ಚಿಹೋಗಿತ್ತು.

ಬೂದು ಬಣ್ಣದ ನಿಯಮವನ್ನು ಸ್ಕ್ರಿಪ್ಟಿನಿಂದ ಅಳಿಸಿದೆ. ಕೆಂಪು, ನೀಲಿ, ಹಸಿರು ಇವೆ, ಅವು ಬೇಕು. ಉಳಿದದ್ದೆಲ್ಲ ಕಪ್ಪಗಿದೆ, ಎಲ್ಲವನ್ನೂ ಓದಬೇಕಾಗುತ್ತದೆ. ಹೊರಗೆ ಕಾಯುವವರು ಈಗ ನನ್ನ ಮೇಲೂ ಗೊಣಗುತ್ತಾರೆ.

ತಿದ್ದುಪಡಿ ಪತ್ರದ ದಿನ ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಬಂದರು. ತಂಗಿಯನ್ನು ಬಾಗಿಲಿಗೆ ಮುಖ ಮಾಡಿ ನಿಲ್ಲಿಸಿದೆ. ಅಣ್ಣ ಹೊಸ್ತಿಲ ಹತ್ತಿರ ನಿಂತಿದ್ದರು, ಒಳಗೆ ಬಂದಿರಲಿಲ್ಲ. "ಮುಂದೆ ಏನಿದೆಯಮ್ಮಾ?" ಎಂದೆ. ಆಕೆ ನೇರ ಕೈ ಚಾಚಿ, "ನಮ್ಮಣ್ಣನ ಹಿಸ್ಸೆ" ಎಂದಳು. ದಾರಿ ತೋರಿಸಿದಳು. ಸಮಾಧಿ ತೋರಿಸಿದಳು. ನಾನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಗಟ್ಟಿಯಾಗಿ ಓದಿದೆ.

"ಸರಿಯಾಗಿದೆಯೇನಮ್ಮಾ?"

"ಸರಿಯಾಗೈತೆ ಅಕ್ಕಾರೆ" ಎಂದವಳು ಅಣ್ಣನ ಕಡೆ ತಿರುಗಿದಳು. "ಅಲ್ಲ ಕಣಣ್ಣ, ಅಕ್ಕಾರೇನೋ ಕಣ್ತಪ್ಪಿ ಬರ್ದ್ರು. ಅಪ್ಪನ ಹತ್ರ ನೀನು ಬರಬ್ಯಾಡ ಅಂತ ನಾನೇ ಹೇಳಿರ್ತೀನಿ ಅಂತ ನೀನು ಹೆಂಗೆ ನಂಬ್ದೆ?"

ಅವರು ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡರು. ಅಷ್ಟರಲ್ಲಿ ಕಚೇರಿಯಲ್ಲಿ ನಮ್ಮ ಸರದಿ ಕೂಗಿದರು. ಇಬ್ಬರೂ ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು. ಹೋಗುವಾಗ ಒಂದೇ ಬಸ್ಸು ಹತ್ತಿದರು. ಒಂದೇ ಸೀಟಿನಲ್ಲಿ ಕೂತರೋ ಇಲ್ಲವೋ ನನಗೆ ಗೊತ್ತಿಲ್ಲ. ಮಳಿಗೆಯಿಂದ ಹೊರಗೆ ಬಂದಿದ್ದರೆ ಕಾಣುತ್ತಿತ್ತು. ನೋಡಲು ಧೈರ್ಯ ಬರಲಿಲ್ಲ.